ಪುಟ್ಟ ಗಾಡಿ, ದೊಡ್ಡ ಅಂಗಳ

ಕ್ಯಾರವಾನ್ ಎಂಬ ಮಾತು ಪಾರಸಿ ಭಾಷೆಯದು. ಮರುಭೂಮಿಯಲ್ಲಿ ಒಂಟೆಗಳ ಮೇಲೆ ಸರಕು ಹೇರಿಕೊಂಡು ಗುಂಪಾಗಿ ಸಾಗುತ್ತಿದ್ದ ವರ್ತಕರ ಸಾಲಿಗೆ ಆ ಹೆಸರಿತ್ತು. ಈಗ ಅದೇ ಹೆಸರು ಚಕ್ರದ ಮೇಲಿನ ಪುಟ್ಟ ಮನೆಗೆ ಬಂದಿದೆ. ಒಳಗೇ ಮಂಚ, ಒಳಗೇ ಒಲೆ, ಒಳಗೇ ಶೌಚಾಲಯ. ಎಲ್ಲಿ ನಿಲ್ಲಿಸಿದರೆ ಅಲ್ಲೇ ಮನೆ.

ಹಿರಿಯರಿಗೆ ಇದು ತೀರ ಹೊಸದೇನಲ್ಲ. ನಾವು ಚಿಕ್ಕವರಿದ್ದಾಗ ಕಮಾನು ಗಾಡಿಗೆ ಹುಲ್ಲು ಹಾಕಿ, ಮೇಲೆ ಜಮಖಾನ ಹಾಸಿ, ಮಾಲೇಕಲ್ಲು ತಿರುಪತಿಯ ಜಾತ್ರೆಗೋ ಬೇಲೂರಿನ ತೇರಿಗೋ ಹೊರಡುತ್ತಿದ್ದೆವು. ತೋಪು ಕಂಡಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅನ್ನ ಮಾಡುತ್ತಿದ್ದರು. ರಾತ್ರಿ ಹೆಂಗಸರು, ಮಕ್ಕಳು ಗಾಡಿಯೊಳಗೆ. ಗಂಡಸರು ಗಾಡಿಯ ಕೆಳಗೆ. ಆ ಗಾಡಿಯಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ, ಇರಬೇಕೆಂದು ಯಾರೂ ಕೇಳಲೂ ಇಲ್ಲ. ಮಕ್ಕಳೇ, ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನಾನು, ನನ್ನ ಹೆಂಡತಿ ಅರಸೀಕೆರೆಯಲ್ಲಿ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬೆಂಗಳೂರಿನಲ್ಲಿ. ನನ್ನ ಹೆಂಡತಿಗೆ ಮಂಡಿನೋವು. ಕೆಳಗೆ ಕೂರಲಾಗದು, ರಾತ್ರಿ ಎರಡು ಮೂರು ಸಲ ಏಳಬೇಕು. ಈ ಕಾರಣಕ್ಕೆ ಆರು ವರ್ಷದಿಂದ ಅವಳು ಒಂದು ರಾತ್ರಿಯೂ ಪ್ರವಾಸದಲ್ಲಿ ತಂಗಿರಲಿಲ್ಲ. “ನೀವು ಮಕ್ಕಳನ್ನ ಕರ್ಕೊಂಡು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ” ಎಂಬುದೇ ಅವಳ ಮಾತಾಗಿತ್ತು. ಕಳೆದ ದಸರಾ ರಜೆಗೆ ಮುಂಚೆ ಮೊಮ್ಮಗಳು ಫೋನಿನಲ್ಲಿ ಕೇಳಿದಳು: “ತಾತ, ಬಾತ್‌ರೂಮ್ ನಾವೇ ತಗೊಂಡು ಹೋದ್ರೆ ಅಜ್ಜಿ ಬರ್ತಾರಲ್ವಾ?”

ಕ್ಯಾರವಾನ್ ವಿಚಾರ ನಮ್ಮ ಮನೆಗೆ ಬಂದದ್ದು ಹೀಗೆ. ಅದೇ ತಿಂಗಳು ನನ್ನದೊಂದು ಹತ್ತು ಲಕ್ಷದ ಠೇವಣಿಯ ಅವಧಿಯೂ ಮುಗಿಯುತ್ತಿತ್ತು. ಆ ಬಡ್ಡಿಯಲ್ಲೇ ನಮ್ಮಿಬ್ಬರ ಮಾತ್ರೆ, ಔಷಧಿ ನಡೆಯುವುದು. ಗಾಡಿ ಕೊಳ್ಳಬೇಕಾದರೆ ಅದಕ್ಕೇ ಕೈಹಾಕಬೇಕು. ಆದ್ದರಿಂದ ನೋಟ್‌ಬುಕ್ಕು, ಪೆನ್ಸಿಲು ಹಿಡಿದು ಕೂತೆ. ನನ್ನಂತೆ ಲೆಕ್ಕ ಹಾಕುತ್ತಿರುವ ಬೇರೆ ತಾತ ಅಜ್ಜಿಯರಿಗೂ ಆದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಗಾಡಿಯಲ್ಲಿ ಎರಡು ಬಗೆ

ಮೊದಲನೆಯದು ಎಂಜಿನ್ ಇಲ್ಲದ್ದು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ಯುರೋಪು, ಅಮೆರಿಕದಲ್ಲಿ ಇದು ಬಹಳ, ನಮ್ಮಲ್ಲಿ ಅಪರೂಪ. ಎರಡನೆಯದು ವ್ಯಾನಿನೊಳಗೇ ಮಂಚ, ಒಲೆ ಕೂರಿಸಿದ್ದು. ನಮ್ಮ ದೇಶದಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇದೇ. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನೇ ಮಾಡಿ, ಇಂಥ ಗಾಡಿಗಳಿಗೂ ಅವು ತಂಗುವ ತಾಣಗಳಿಗೂ ಪ್ರೋತ್ಸಾಹ ಕೊಟ್ಟಿತು.

ಎಳೆಯುವ ಗಾಡಿ ಅಗ್ಗವೆಂದು ತೋರಿದರೂ ಕೇಳಬೇಕಾದ ಪ್ರಶ್ನೆ ಹಲವು. ನಿಮ್ಮ ಕಾರಿಗೆ ಎಳೆಯುವ ಶಕ್ತಿ ಇದೆಯೇ? ತಯಾರಕರು ಕೊಟ್ಟ ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆಯೇ? ಬ್ರಿಟನ್ನಿನಲ್ಲಿ ಹೊಸದಾಗಿ ಎಳೆಯಲು ಕಲಿಯುವವರಿಗೆ ಒಂದು ಸೂತ್ರ ಹೇಳಿಕೊಡುತ್ತಾರೆ: ಸಾಮಾನು ತುಂಬಿದ ಗಾಡಿಯ ತೂಕ ಕಾರಿನ ತೂಕದ ಶೇಕಡಾ 85 ಮೀರಬಾರದು. ಕಾರು 1,000 ಕಿಲೋ ಇದ್ದರೆ ಗಾಡಿ 850 ಕಿಲೋ ಒಳಗಿರಬೇಕು. ಅಲ್ಲಿ 750 ಕಿಲೋ ಮೀರಿದ ಗಾಡಿಗೆ ಅದರದೇ ಬ್ರೇಕು ಕಡ್ಡಾಯ. ಓಡುವಾಗ ಅದರೊಳಗೆ ಯಾರೂ ಕೂರಕೂಡದು.

ಇನ್ನೊಂದು ವಿಷಯ ನಮ್ಮ ಎತ್ತಿನ ಗಾಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಕುತ್ತು. ಕ್ಯಾರವಾನ್ ಕೂಡ ಹಾಗೆಯೇ. ಹಿಂದೆ ಭಾರವಾದರೆ ವೇಗದಲ್ಲಿ ಬಾಲದಂತೆ ಅತ್ತಿತ್ತ ತೊನೆದು ಕಾರನ್ನೂ ಎಳೆದಾಡುತ್ತದೆ. ಒಟ್ಟು ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಕೊಂಡಿಯ ಮೇಲೆ ಬೀಳುವಂತೆ ಮುಂಭಾರ ಇಡಬೇಕು.

ನಮ್ಮ ಕಾರು ಚಿಕ್ಕದು, ಮಗನಿಗೆ ಎಳೆಯುವ ಅಭ್ಯಾಸವಿಲ್ಲ. ಆದ್ದರಿಂದ ವ್ಯಾನೇ ಸರಿ ಎಂದಾಯಿತು. ಇದ್ದ ಹಳೆಯ ವ್ಯಾನಿಗೆ ಬಡಗಿಯಿಂದ ಮಂಚ ಹೊಡೆಸಿದರಾಯಿತು ಎನ್ನುವವರಿಗೆ ಒಂದು ಎಚ್ಚರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ನಮೂದು ಮಾಡಿಸಬೇಕು.

ರಂಗೋಲಿ ಪುಡಿಯ ನಕ್ಷೆ

ಚಿತ್ರದಲ್ಲಿ ಎಲ್ಲ ಗಾಡಿಯೂ ದೊಡ್ಡದಾಗಿಯೇ ಕಾಣುತ್ತದೆ. ನಿಜ ತಿಳಿಯಲು ಮಕ್ಕಳು ಮಾಡಬಹುದಾದ ಸುಲಭದ ಕೆಲಸವೊಂದಿದೆ. ಮೊಮ್ಮಕ್ಕಳು ರಜೆಗೆ ಬಂದ ದಿನವೇ ನಾವು ಅದನ್ನು ಮಾಡಿದೆವು. ತಾರಸಿಯ ಮೇಲೆ ಟೇಪು ಹಿಡಿದು, ರಂಗೋಲಿ ಪುಡಿಯಿಂದ 10 ಅಡಿ ಉದ್ದ, 6 ಅಡಿ ಅಗಲದ ಚೌಕ ಎಳೆದರು. ಅರವತ್ತು ಚದರಡಿ. ಅದರೊಳಗೆ 6 ಅಡಿಗೆ 4 ಅಡಿ ಮಂಚ, ಅಂದರೆ 24. ಶೌಚಾಲಯ 3 ಅಡಿಗೆ 3 ಅಡಿ, 9. ಅಡುಗೆ ಕಟ್ಟೆ 4 ಅಡಿಗೆ ಒಂದೂವರೆ ಅಡಿ, 6. ಒಟ್ಟು 39. ಉಳಿದದ್ದು 21 ಚದರಡಿ. ಅದರಲ್ಲಿ ಐದು ಜನ ನಿಲ್ಲಬೇಕು.

ಎಲ್ಲರೂ ಒಳಗೆ ನಿಂತು ನೋಡಿದೆವು. ನಾನು ತಿರುಗಿದರೆ ಮೊಮ್ಮಗನ ಮೂಗಿಗೆ ಮೊಣಕೈ ತಗುಲುತ್ತಿತ್ತು. “ಇನ್ನೂ ದೊಡ್ಡ ಗಾಡಿ ತಗೊಳ್ಳೋಣ ತಾತ” ಎಂದ. ನನ್ನ ಹೆಂಡತಿ ಗೆರೆಯ ಆಚೆ ಕುರ್ಚಿಯಲ್ಲಿ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ಅವಳು ಹೇಳಿದ್ದು ಇಷ್ಟೇ: “ಇಷ್ಟು ದೊಡ್ಡ ತಾರಸಿ ಇರೋವಾಗ ಎಲ್ಲರೂ ಆ ಚೌಕದೊಳಗೇ ಯಾಕ್ರೋ ನಿಂತಿದೀರಿ?”

ಮೊದಲು ಹೇಳಿದ ಕಮಾನು ಗಾಡಿಯ ಮಾತು ಇದೇ. ಬಯಲಿನ ಪ್ರವಾಸಕ್ಕೆ ಹೋಗುವುದು ಬಯಲಿನಲ್ಲಿರಲು. ಊಟ ಹೊರಗೆ, ಆಟ ಹೊರಗೆ, ಮಾತು ಹೊರಗೆ. ಹೊರಗೆ ಆಗುವ ಕೆಲಸಕ್ಕೆ ಒಳಗೆ ಜಾಗ ಕೊಡಬೇಕಿಲ್ಲ; ಹೊರಗೆ ಆಗದ ಕೆಲಸಕ್ಕೆ ಮಾತ್ರ ಕೊಟ್ಟರೆ ಸಾಕು. ನಮ್ಮ ಮನೆಯ ಮಟ್ಟಿಗೆ ಅದು ಎರಡೇ: ಅಜ್ಜಿ ತಾತನ ನಿದ್ದೆ, ಅಜ್ಜಿಯ ಶೌಚಾಲಯ. ಮಗ, ಮೊಮ್ಮಕ್ಕಳಿಗೆ ಪಕ್ಕದಲ್ಲೊಂದು ಡೇರೆ. ಅಡುಗೆ ಕಟ್ಟೆ ಹಿಂಬಾಗಿಲು ಎತ್ತಿದರೆ ಹೊರಗಿನಿಂದಲೇ ಸಿಗುವಂತಿರಲಿ. ಹಗಲಿನ ಸೀಟೇ ರಾತ್ರಿ ಮಂಚವಾಗಲಿ. ಇಷ್ಟು ಗೊತ್ತಾದ ಮೇಲೆ ನಾವು ನೋಡಬೇಕಾದ ಗಾಡಿಯ ಅಳತೆ ಅರ್ಧಕ್ಕಿಳಿಯಿತು.

ಆದರೆ ಎರಡು ವಿಷಯದಲ್ಲಿ ರಾಜಿ ಬೇಡ. ಎಷ್ಟು ಜನರೋ ಅಷ್ಟು ಸೀಟು, ಅಷ್ಟೂ ಸೀಟಿಗೆ ಬೆಲ್ಟು ಇರಬೇಕು. ಹತ್ತುವ ಮೆಟ್ಟಿಲು ಮೊಣಕಾಲಿಗಿಂತ ಕೆಳಗಿರಬೇಕು, ಹಿಡಿದುಕೊಳ್ಳಲು ಹಿಡಿ ಇರಬೇಕು. ಗಾಡಿ ನೋಡಲು ಹೋಗುವಾಗ ಮನೆಯ ಹಿರಿಯರನ್ನೇ ಕರೆದುಕೊಂಡು ಹೋಗಿ ಹತ್ತಿಸಿ ನೋಡಿ.

ತೂಕದ ಲೆಕ್ಕ

ಮಕ್ಕಳೇ, ಒಬ್ಬ ಡಾಕ್ಟರ ಕಥೆ ಹೇಳುತ್ತೇನೆ. ಹೆಸರು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದು, ಆಮೇಲೆ ಮಕ್ಕಳಿಗೆ ಸಾಹಸದ ಕಥೆಗಳನ್ನು ಬರೆದವರು. 1885ರಲ್ಲಿ ಅವರು ಬರೀ ಸುತ್ತಾಟದ ಸಂತೋಷಕ್ಕೆಂದೇ ‘ವಾಂಡರರ್’ ಎಂಬ ಬಂಡಿಮನೆ ಕಟ್ಟಿಸಿದರು. ವಿಹಾರಕ್ಕೆಂದೇ ಮಾಡಿಸಿದ ಕ್ಯಾರವಾನ್‌ಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಎಳೆಯಲು ಎರಡು ಕುದುರೆ, ಜೊತೆಗೆ ಹರಿಕೇನ್ ಬಾಬ್ ಎಂಬ ದೊಡ್ಡ ನಾಯಿ. ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಆ ಪ್ರವಾಸದ ಪುಸ್ತಕವನ್ನೂ ಬರೆದರು. ಸುತ್ತಿದ್ದು ಒಟ್ಟು 1,300 ಮೈಲಿ. ಬಂಡಿ ಚೆಂದವೇ. ಆದರೆ ಸಾಮಾನು ಸೇರಿ ಎರಡು ಟನ್ನಿನ ಹತ್ತಿರ ಭಾರ! ಏರು ಬಂದಾಗ ಆ ಕುದುರೆಗಳ ಪಾಡು ನೀವೇ ಊಹಿಸಿ.

ಎಂಜಿನ್ನಿಗೆ ಬಾಯಿಲ್ಲ, ಗೋಳು ಹೇಳುವುದಿಲ್ಲ. ಆದರೆ ಭಾರ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬ್ರೇಕ್ ಹಾಕಿದಾಗ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆದ್ದರಿಂದ ಆರ್‌ಸಿಯಲ್ಲಿ ಎರಡು ಅಂಕಿ ನೋಡಬೇಕು: ಖಾಲಿ ವಾಹನದ ತೂಕ, ಭಾರ ಸೇರಿದ ಗರಿಷ್ಠ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಬರುವುದೇ ನಾವು ಹೇರಬಹುದಾದ ಭಾರ. ಅದರಲ್ಲಿ ಮನುಷ್ಯರೂ ಸೇರಿದರು! ಮಂಚ, ಅಲಮಾರಿ ಕೂರಿಸಿದ ಮೇಲಿನ ಖಾಲಿ ತೂಕವೇ ಬರೆದಿದೆಯೇ ಎಂದೂ ಕೇಳಿ. ಸಂಶಯವಿದ್ದರೆ ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ಪಡೆಯಿರಿ. ಕೊಬ್ಬರಿ ಲಾರಿಗಳು ಓಡಾಡುವ ನಮ್ಮೂರಲ್ಲಿ ಅದಕ್ಕೇನೂ ಕೊರತೆಯಿಲ್ಲ.

ನಾವು ನೋಡಿದ ವ್ಯಾನು ಖಾಲಿ 1,600 ಕಿಲೋ, ಗರಿಷ್ಠ 2,100. ಹೇರಲು 500 ಕಿಲೋ. ದೊಡ್ಡವರು ಮೂವರು 195, ಮಕ್ಕಳಿಬ್ಬರು 60, ಒಟ್ಟು 255. ಉಳಿದದ್ದು 245. ನಮ್ಮ ಸಾಮಾನಿನ ಪಟ್ಟಿಯನ್ನು ಮೊಮ್ಮಗಳು ಬರೆದಳು. ನೀರು 60 ಲೀಟರ್, ಲೀಟರಿಗೆ ಒಂದು ಕಿಲೋ, ಆದ್ದರಿಂದ 60. ಸಣ್ಣ ಗ್ಯಾಸ್ ಸಿಲಿಂಡರು 13. ಬ್ಯಾಟರಿ 30. ಹಾಸಿಗೆ ಹೊದಿಕೆ 25. ಡೇರೆ, ಕುರ್ಚಿ, ಮಡಿಸುವ ಮೇಜು 27. ಪಾತ್ರೆ, ದಿನಸಿ 25. ಬಟ್ಟೆಬರೆ 30. ಸೈಕಲ್ ಎರಡು 30. ಕೂಡಿದರೆ 240. ಮಿಕ್ಕಿದ್ದು ಐದೇ ಕಿಲೋ! ಬರುವಾಗ ಒಂದು ಬಾಳೆಗೊನೆ ಕೊಂಡರೂ ಮಿತಿ ಮೀರಿತು.

ಮತ್ತೆ ಕೂತು ಕಡಿಮೆ ಮಾಡಿದೆವು. ನೀರು ದಾರಿಯಲ್ಲೂ ಸಿಗುತ್ತದೆ, 30 ಸಾಕು. ಬಟ್ಟೆ 20, ಹಾಸಿಗೆ 20. ಪಾತ್ರೆ ದಿನಸಿ 15. ಹಿತ್ತಾಳೆ ಪಾತ್ರೆಗಳು, ಕಬ್ಬಿಣದ ಕಾವಲಿ ಮನೆಯಲ್ಲೇ ಉಳಿದವು. 240 ಹೋಗಿ 185 ಆಯಿತು. ಅರವತ್ತು ಕಿಲೋ ಉಸಿರಾಡಲು ಜಾಗ.

ಭಾರದ್ದನ್ನು ಎಲ್ಲಿಡಬೇಕು ಎಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಗೋಡೆ ನೋಡಿ. ಕೆಳಗಿನ ಸಾಲಿನಲ್ಲಿ ಆನೆಗಳು. ಬಳ್ಳಿ, ಹಂಸಗಳೆಲ್ಲ ಅದರ ಮೇಲೆ. ಗಾಡಿಯಲ್ಲೂ ಹಾಗೆಯೇ ಇಡಿ. ನೀರು, ಬ್ಯಾಟರಿ, ಸಿಲಿಂಡರು ಆನೆಗಳು; ನೆಲಮಟ್ಟಕ್ಕೆ ಇರಲಿ, ಅಲುಗದಂತೆ ಕಟ್ಟಿರಲಿ. ಹೊದಿಕೆ, ಬಟ್ಟೆ ಮೇಲಿನ ಅಲಮಾರಿಗೆ.

ದೀಪ, ಒಲೆ, ಶೌಚಾಲಯ

12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆ ವಿದ್ಯುತ್ ಇರುತ್ತದೆ. ಮನೆಯ ಮೀಟರಿನ ಲೆಕ್ಕದಲ್ಲಿ ಒಂದೂಕಾಲು ಯೂನಿಟ್ಟೂ ಇಲ್ಲ. ಸಾಮಾನ್ಯ ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸುವುದು ಕ್ಷೇಮ, ಅಂದರೆ 600. ಇಪ್ಪತ್ತು ವಾಟಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 160. ಐದು ವಾಟಿನ ಎರಡು ದೀಪ ಐದು ಗಂಟೆಗೆ 50. ಫೋನುಗಳಿಗೆ 45. ರಾತ್ರಿಗೆ 255, ಎರಡು ರಾತ್ರಿ ಸಲೀಸು. ಎ.ಸಿ. ಹಾಕಿದರೆ ಗಂಟೆಯೊಳಗೇ ಬ್ಯಾಟರಿ ಖಾಲಿ. ನಮ್ಮ ಅರಸೀಕೆರೆ ಬೇಲೂರಿನ ಅಕ್ಟೋಬರ್ ರಾತ್ರಿಗೆ ಎ.ಸಿ. ಏಕೆ, ಕಂಬಳಿ ಬೇಕು.

ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಬಾರದು. ಚಳಿಗೆಂದು ಕೆಂಡ ಇಟ್ಟುಕೊಂಡು ಮಲಗಲೇಬಾರದು. ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನೆಲಮಟ್ಟದಲ್ಲಿ ಗಾಳಿ ಹೋಗುವ ಕಿಂಡಿ ಇದೆಯೇ ನೋಡಿ, ಏಕೆಂದರೆ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬುತ್ತದೆ.

ಸಣ್ಣ ಗಾಡಿಯ ಶೌಚಾಲಯಕ್ಕೆ ಕೆಳಗೊಂದು ತೆಗೆಯುವ ಡಬ್ಬಿ ಇರುತ್ತದೆ. ಅದನ್ನು ಒಯ್ದು ನಿಜವಾದ ಶೌಚಾಲಯಕ್ಕೇ ಸುರಿಯಬೇಕು. ಕೆರೆದಂಡೆ, ಹೊಲದ ಬದು ಅದಕ್ಕಲ್ಲ. ಇದು ಯಾರ ಕೆಲಸವೆಂದು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ನಮ್ಮಲ್ಲಿ ನಾನೇ ಒಪ್ಪಿಕೊಂಡೆ.

ಗಾಡಿ ನಿಲ್ಲಿಸುವ ವಿಚಾರದಲ್ಲಿ ಅರಸೀಕೆರೆಯವನಾಗಿ ಒಂದೇ ಒಂದು ಸಲಹೆ: ನೆರಳು ಎಷ್ಟೇ ತಂಪಾಗಿರಲಿ, ತೆಂಗಿನ ಮರದ ಕೆಳಗೆ ಬೇಡ.

ಕೊಳ್ಳುವುದೋ, ಬಾಡಿಗೆಯೋ

ಈಗ ಠೇವಣಿಯ ಮಾತು. ಗಾಡಿಗೆ ಹತ್ತು ಲಕ್ಷ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಶೇಕಡಾ 7ರಂತೆ ವರ್ಷಕ್ಕೆ ಕೈಬಿಡುವ ಬಡ್ಡಿ 70,000. ಗಾಡಿ ಹಳತಾಗುವುದಕ್ಕೆ ಶೇಕಡಾ 10ರಂತೆ 1,00,000. ವಿಮೆ, ಟೈರು, ಸರ್ವಿಸು 30,000. ಒಟ್ಟು ಎರಡು ಲಕ್ಷ. ಇದು ನನ್ನ ಅಂದಾಜು. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ. ಆಮೇಲಿನ ಪ್ರಶ್ನೆಯೇ ಮುಖ್ಯ: ವರ್ಷದಲ್ಲಿ ಎಷ್ಟು ರಾತ್ರಿ? ಐವತ್ತಾದರೆ ರಾತ್ರಿಗೆ 4,000. ಹತ್ತಾದರೆ ರಾತ್ರಿಗೆ 20,000. ಮಗನ ರಜೆ, ಮಕ್ಕಳ ಶಾಲೆ, ನಮ್ಮ ಮಂಡಿ ಎಲ್ಲವನ್ನೂ ಕ್ಯಾಲೆಂಡರಿನ ಮೇಲೆ ಎಣಿಸಿದೆವು. ಹತ್ತೂ ದಾಟಲಿಲ್ಲ. ನಮಗೆ ಹೇಳಿದ ಬಾಡಿಗೆ ಇಪ್ಪತ್ತು ಸಾವಿರದ ಅರ್ಧಕ್ಕಿಂತ ಕಡಿಮೆಯಿತ್ತು.

ಬಾಡಿಗೆಗೆ ಪಡೆಯುವಾಗ ಬೋರ್ಡು ನೋಡಿ. ನಾವೇ ಓಡಿಸುವ ಬಾಡಿಗೆ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಚಾಲಕರ ಸಮೇತ ಬರುವುದಕ್ಕೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ. ಬಿಳಿ ಬೋರ್ಡಿನ ಖಾಸಗಿ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ. ಅಪಘಾತವಾದರೆ ವಿಮೆ ಕೈಕೊಡಬಹುದು. ದಿನಕ್ಕೆ ಎಷ್ಟು ಕಿಲೋಮೀಟರು, ಮುಂಗಡ ಎಷ್ಟು, ಪಂಕ್ಚರ್ ಖರ್ಚು ಯಾರದು ಎಂಬುದೆಲ್ಲ ಬರವಣಿಗೆಯಲ್ಲಿರಲಿ. ರಾತ್ರಿ ತಂಗುವ ಜಾಗಕ್ಕೂ ಮುಂಚೆಯೇ ಅನುಮತಿ ಪಡೆಯಿರಿ. ಹಳೇಬೀಡಿನಲ್ಲಿ, ಬೇಲೂರಿನಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ, ಖಾಸಗಿ ವಸತಿಗೃಹಗಳಿವೆ; ಫೋನು ಮಾಡಿ ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಎರಡು ರಾತ್ರಿ

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರು ಬೇಲೂರು. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದೂರ. ಅಷ್ಟಕ್ಕೆ ಗಾಡಿ ಏಕೆ ಎಂದು ನೆರೆಯವರು ಕೇಳಿದರು. ಸಂಜೆಗೆ ಬರುವವರಿಗೆ ಮುಂಜಾವದ ದ್ವಾರಸಮುದ್ರದ ಕೆರೆ ಸಿಗುವುದಿಲ್ಲವಲ್ಲ! ಮೊದಲ ರಾತ್ರಿ ಹಳೇಬೀಡಿನ ವಸತಿಗೃಹವೊಂದರ ಅಂಗಳದಲ್ಲಿ ಹಣ ಕೊಟ್ಟು ತಂಗಿದೆವು. ಬೆಳಿಗ್ಗೆ ಮಕ್ಕಳು ಸೈಕಲಿನಲ್ಲಿ ಕೆರೆಯ ಬಳಿಗೆ ಹೋಗಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ಪಟ್ಟಿ ಮಾಡಿಕೊಂಡು ಬಂದರು. ಆಮೇಲೆ ಅಪ್ಪನ ಜೊತೆ ಪುಷ್ಪಗಿರಿ ಗುಡ್ಡ ಹತ್ತಿದರು. ಗುಡಿಯಲ್ಲಿ ಆನೆ ಎಣಿಸಲು ಹೊರಟ ಮೊಮ್ಮಗ ಇನ್ನೂರರ ನಂತರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ.

ಮಧ್ಯಾಹ್ನದ ಬಿಸಿಲಿಗೆ ನನ್ನ ಹೆಂಡತಿ ಗಾಡಿಯಲ್ಲಿ ಕಾಲು ಚಾಚಿ ಒಂದು ಗಂಟೆ ಮಲಗಿದಳು. ಬಸ್ಸಿನ ಪ್ರವಾಸದಲ್ಲಿ ಹಿರಿಯರಿಗೆ ಸಿಗದಿರುವುದು ಈ ಒಂದು ಗಂಟೆಯೇ. ಅದು ಸಿಕ್ಕಿದ್ದರಿಂದ ಸಂಜೆ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯನ್ನು ಅವಳು ಕೋಲೂರಿಕೊಂಡು ಪೂರ್ತಿ ಒಂದು ಸುತ್ತು ಬಂದಳು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದನ್ನು ಮೊಮ್ಮಗಳು ಓದಿ ಹೇಳಿದಳು.

ಎರಡನೆಯ ರಾತ್ರಿ ಯಗಚಿ ಜಲಾಶಯಕ್ಕೆ ಹತ್ತಿರದಲ್ಲಿ ಪರಿಚಯದವರ ತೋಟದ ಅಂಗಳ. ಡೇರೆಯೊಳಗಿನಿಂದ ಮೂವರ ನಗು ತುಂಬ ಹೊತ್ತು ಕೇಳುತ್ತಿತ್ತು. ರಾತ್ರಿ ನನ್ನ ಹೆಂಡತಿ ಎರಡು ಸಲ ಎದ್ದಳು. ಮೂರು ಹೆಜ್ಜೆ ಹೋದಳು, ಬಂದಳು, ಮಲಗಿದಳು. ಯಾರನ್ನೂ ಎಬ್ಬಿಸಲಿಲ್ಲ. ಮರುದಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತಾಗ ಇವಳು ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೈಬೀಸುತ್ತಿದ್ದಳು.

ಊರಿಗೆ ಬಂದ ಮೂರನೆಯ ದಿನ ಬ್ಯಾಂಕಿಗೆ ಹೋಗಿ ಠೇವಣಿಯನ್ನು ಮತ್ತೆ ಮೂರು ವರ್ಷಕ್ಕೆ ಮುಂದುವರಿಸಿದೆ. ಅದರ ಒಂದು ವರ್ಷದ ಬಡ್ಡಿಯಲ್ಲಿ ನಮ್ಮ ಮಾತ್ರೆಗಳ ಖರ್ಚು ಕಳೆದು, ಎರಡು ರಾತ್ರಿಯ ಬಾಡಿಗೆಗೆ ಸಾಲುವಷ್ಟು ಉಳಿಯುತ್ತದೆ. ಬೇಸಿಗೆ ರಜೆಗೆ ಯಾವ ಊರು ಎಂಬ ಚರ್ಚೆ ಈಗಾಗಲೇ ಶುರುವಾಗಿದೆ. ಈ ಸಲ ಊರಿನ ಹೆಸರು ಹೇಳಿದ್ದು ಮಕ್ಕಳಲ್ಲ, ಅವರ ಅಜ್ಜಿ.